ಅಮ್ಮನ ಫೋನಿನಲ್ಲಿರುವ 77 ಅಂಕಿಯ ಸಂಖ್ಯೆ

ಕಳೆದ ಜುಲೈನಲ್ಲಿ ಒಂದು ಮಧ್ಯಾಹ್ನ ಲ್ಯಾಬ್‌ನಲ್ಲಿ ಕೂತಿದ್ದೆ. ತುಮಕೂರಿನಿಂದ ಅಮ್ಮನ ಫೋನ್ ಬಂತು. ಅಮ್ಮ ಫೋನ್ ಮಾಡೋದು ರಾತ್ರಿ ಊಟ ಆದ ಮೇಲೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಫೋನ್ ನೋಡಿ ಎದೆ ಧಸಕ್ ಅಂತು.

"ಏನೋ, ಹೊಸ ನಂಬರ್ ಯಾವಾಗ ತಗೊಂಡೆ? ಅರವತ್ತು ಸಾವಿರ ಯಾಕೋ ನಿಂಗೆ?"

ನಾನು ಹೊಸ ನಂಬರ್ ತಗೊಂಡಿರಲಿಲ್ಲ. ಯಾರೋ ನನ್ನ ಫೋಟೋ ಹಾಕಿಕೊಂಡು, +60 ಅಂತ ಶುರುವಾಗುವ ನಂಬರಿನಿಂದ ಅಮ್ಮನಿಗೆ ಮೆಸೇಜ್ ಮಾಡಿದ್ದರು: ಫೀಸ್ ಕಟ್ಟಬೇಕು, ಇವತ್ತೇ ಕೊನೇ ದಿನ, ಫೋನ್ ಕೆಟ್ಟಿದೆ, ಮಾತಾಡಕ್ಕಾಗಲ್ಲ. ಅಪ್ಪ ಆಗಲೇ ಬ್ಯಾಂಕಿಗೆ ಹೊರಟು ನಿಂತಿದ್ದರಂತೆ. ಅಮ್ಮನಿಗೆ ಅನುಮಾನ ಬಂದದ್ದು ಒಂದೇ ಒಂದು ಪದದಿಂದ. ಆ ಮೆಸೇಜ್ "ಮಮ್ಮಿ" ಅಂತ ಶುರುವಾಗಿತ್ತು. ನಾನು ಹುಟ್ಟಿದಾಗಿನಿಂದ ಹಾಗೆ ಕರೆದವನಲ್ಲ.

ದುಡ್ಡು ಉಳೀತು. ಆದರೆ ಅಮ್ಮ ಆಮೇಲೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಇದರಲ್ಲಿ ಬೀಗ ಹಾಕಿರತ್ತೆ, ಯಾರೂ ಓದಕ್ಕಾಗಲ್ಲ ಅಂತ ನೀನೇ ಹೇಳಿದ್ಯಲ್ಲ. ಹಂಗಾದ್ರೆ ಅದೆಂಥ ಬೀಗನೋ?"

ಇಂಜಿನಿಯರಿಂಗ್ ನಾಲ್ಕು ವರ್ಷ ಓದಿ, ಈಗ ಸ್ನಾತಕೋತ್ತರ ಮಾಡುತ್ತಿರುವವನು ನಾನು. ಆ ಬೀಗವನ್ನು ದಿನಾ ಬಳಸುತ್ತೇನೆ. ಅದು ಯಾವುದರಿಂದ ಆಗಿದೆ ಅಂತ ಸರಿಯಾಗಿ ಒಮ್ಮೆಯೂ ನೋಡಿರಲಿಲ್ಲ. ಆಮೇಲೆ ಕೂತು ಓದಿದೆ. ಆ ಬೀಗದ ಬುಡದಲ್ಲಿ ಒಂದು ಅವಿಭಾಜ್ಯ ಸಂಖ್ಯೆ ಇದೆ. ಈ ಲೇಖನ ಅದರ ಬಗ್ಗೆ. ಹೈಸ್ಕೂಲಿನ ಗುಣಾಕಾರ, ಭಾಗಾಕಾರ ನೆನಪಿದ್ದರೆ ಸಾಕು. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಂಡರೆ ಇನ್ನೂ ಒಳ್ಳೇದು.

ಸಂಖ್ಯೆಯ ಪರಿಚಯ

ಎರಡನ್ನು 255 ಸಲ ಬರೆದು ಒಂದಕ್ಕೊಂದು ಗುಣಿಸಿ. ಬಂದದ್ದರಲ್ಲಿ 19 ಕಳೆಯಿರಿ. ಅಂದರೆ 2²⁵⁵ − 19. ಪೂರ್ತಿ ಬರೆದರೆ ಹೀಗಿದೆ. ನಮ್ಮ ಕೋಟಿ ಲೆಕ್ಕಕ್ಕೆ ಹೊಂದಲಿ ಅಂತ ಏಳೇಳು ಅಂಕಿಯಾಗಿ ಬಿಡಿಸಿದ್ದೇನೆ:

5789604 4618658 0977117 8549250 4343953 9266349 9233282 0282019 7287920 0395656 4819949

ಒಟ್ಟು 77 ಅಂಕಿ. ಇದನ್ನು ಓದುವುದು ಹೇಗೆ? ಮೊದಲ ಗುಂಪು ಐವತ್ತೇಳು ಲಕ್ಷದ ಎಂಬತ್ತೊಂಬತ್ತು ಸಾವಿರದ ಆರುನೂರ ನಾಲ್ಕು. ಅದನ್ನು ಹೇಳಿ, ಅದರ ಮುಂದೆ "ಕೋಟಿ" ಎಂಬ ಪದವನ್ನು ಹತ್ತು ಸಲ ಹೇಳಬೇಕು. ಅದಾದ ಮೇಲೆ ಎರಡನೇ ಗುಂಪಿಗೆ ಒಂಬತ್ತು ಸಲ ಕೋಟಿ. ಹೀಗೇ ಕೊನೆಯವರೆಗೆ.

ದೊಡ್ಡ ಸಂಖ್ಯೆಗಳ ಮೋಹ ನಮ್ಮ ಊರಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದ. ಅದರಲ್ಲಿ ಏಕದಿಂದ ಶುರುಮಾಡಿ 'ಮಹಾಕ್ಷೋಭ'ದವರೆಗೆ 24 ಸ್ಥಾನಗಳಿಗೆ ಹೆಸರಿದೆ. ನಮ್ಮ ಸಂಖ್ಯೆಗೆ ಅಂಥ 77 ಸ್ಥಾನ ಬೇಕು.

ಇದೇನೂ ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ದಾಖಲೆಯ ಅವಿಭಾಜ್ಯದಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಅದರ ಮುಂದೆ ನಮ್ಮದು ಸಾಸಿವೆ ಕಾಳು. ಆದರೆ ಆ ದಾಖಲೆಯ ಸಂಖ್ಯೆ ನಿಮ್ಮ ಫೋನಿನಲ್ಲಿ ಯಾವ ಕೆಲಸವನ್ನೂ ಮಾಡುತ್ತಿಲ್ಲ, ಇದು ಮಾಡುತ್ತಿದೆ. ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ ಇದರ ಮೇಲೆ ಕಟ್ಟಿದ ವಿಧಾನವನ್ನು 2006ರಲ್ಲಿ ಪ್ರಕಟಿಸಿದರು. ಹೆಸರು 'ಕರ್ವ್ 25519'. ಆ ಹೆಸರಿನಲ್ಲೇ 255 ಮತ್ತು 19 ಅಡಗಿವೆ, ನೋಡಿ. 2016ರ ಏಪ್ರಿಲ್‌ನಿಂದ ವಾಟ್ಸಾಪ್‌ನ ಎಲ್ಲ ಸಂದೇಶಗಳ ಬೀಗವೂ ಇದನ್ನೇ ಆಧರಿಸಿದೆ.

ಇಲ್ಲಿ ಒಂದು ಹಳೇ ಮಾತು ನೆನಪಾಗುತ್ತೆ. 1772ರಲ್ಲಿ ಆಯ್ಲರ್ 2³¹ − 1, ಅಂದರೆ 2147483647, ಅವಿಭಾಜ್ಯ ಅಂತ ಸಾಧಿಸಿದ. ಕೋಡಿಂಗ್ ಮಾಡುವವರಿಗೆ ಈ ಸಂಖ್ಯೆ ಚೆನ್ನಾಗಿ ಗೊತ್ತು: 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಬೆಲೆ. 1811ರಲ್ಲಿ ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞ, ಈ ಅವಿಭಾಜ್ಯದಿಂದ ಸಿಗುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಹುಡುಕಲು ಇನ್ನು ಯಾರೂ ಹೋಗಲಾರರು, ಇವೆಲ್ಲ ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ ಎಂಬರ್ಥದಲ್ಲಿ ಬರೆದ. ಉಪಯೋಗ ಬಂತು. ಬರೋದಕ್ಕೆ ನೂರೈವತ್ತು ವರ್ಷಕ್ಕೂ ಮೇಲೆ ಹಿಡೀತು, ಅಷ್ಟೆ.

ಅವಿಭಾಜ್ಯವೇ ಯಾಕೆ ಬೇಕು?

ಗಡಿಯಾರದ ಲೆಕ್ಕ ಎಲ್ಲರಿಗೂ ಗೊತ್ತು. ಹತ್ತು ಗಂಟೆಗೆ ಐದು ಗಂಟೆ ಸೇರಿಸಿದರೆ ಮೂರು ಗಂಟೆ. ಅಂದರೆ 15ನ್ನು 12ರಿಂದ ಭಾಗಿಸಿ, ಶೇಷ 3ನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಇದನ್ನು ಶೇಷದ ಲೋಕ ಅಂತ ಕರೆಯೋಣ.

12ರ ಲೋಕದಲ್ಲಿ ಒಂದು ತೊಂದರೆ ಇದೆ. ಅಲ್ಲಿ 3 × 4 = 12, ಅಂದರೆ ಶೇಷ 0. ಸೊನ್ನೆಯಲ್ಲದ ಎರಡು ಸಂಖ್ಯೆ ಗುಣಿಸಿದರೆ ಸೊನ್ನೆ! ಇಂಥ ಕಡೆ ಭಾಗಾಕಾರ ಮುರಿದುಬೀಳುತ್ತೆ. 3ನ್ನು ಯಾವುದರಿಂದ ಗುಣಿಸಿದರೂ ಶೇಷ 1 ಬರಲ್ಲ. 3, 6, 9, 0 ಇಷ್ಟೇ ಸುತ್ತು.

12ರ ಬದಲು ಒಂದು ಅವಿಭಾಜ್ಯ ತಗೊಳ್ಳಿ, 97 ಅಂತಿಟ್ಟುಕೊಳ್ಳಿ. ಈಗ 1ರಿಂದ 96ರವರೆಗಿನ ಪ್ರತಿ ಸಂಖ್ಯೆಗೂ ಒಂದು ಜೋಡಿ ಸಿಗುತ್ತೆ, ಗುಣಿಸಿದರೆ ಶೇಷ 1 ಬರುವ ಜೋಡಿ. ಇದೇ ವಿಲೋಮ. ವಿಲೋಮ ಇದ್ದರೆ ಭಾಗಿಸಬಹುದು. ಕೂಡು, ಕಳೆ, ಗುಣಿಸು, ಭಾಗಿಸು, ನಾಲ್ಕೂ ತಡೆಯಿಲ್ಲದೆ ನಡೆಯುತ್ತವೆ. ಬೀಗ ತಯಾರಿಸುವವರಿಗೆ ಇಂಥ ಲೋಕವೇ ಬೇಕು.

ವಿಲೋಮ ಹುಡುಕುವುದು ಹೇಗೆ? 35ಕ್ಕೆ ಹುಡುಕೋಣ. ದೊಡ್ಡದನ್ನು ಚಿಕ್ಕದರಿಂದ ಭಾಗಿಸುತ್ತಾ ಹೋಗಿ:

97 = 2 × 35 + 27
35 = 1 × 27 + 8
27 = 3 × 8 + 3
8 = 2 × 3 + 2
3 = 1 × 2 + 1

ಶೇಷ 1 ಬಂತು, ನಿಲ್ಲಿಸಿ. ಈಗ ಕೆಳಗಿನಿಂದ ಮೇಲಕ್ಕೆ ಹತ್ತಿ. ಕೊನೆಯ ಸಾಲಿನಿಂದ 1 = 3 − 2. ಆ 2ರ ಜಾಗಕ್ಕೆ ಅದರ ಮೇಲಿನ ಸಾಲಿನ 8 − 2 × 3 ಹಾಕಿ. ಹೀಗೇ ತುದಿ ಮುಟ್ಟಿದರೆ 1 = 13 × 97 − 36 × 35 ಅಂತ ಸಿಗುತ್ತೆ. 97ರ ಲೋಕದಲ್ಲಿ −36 ಅಂದರೆ 61. ಪರೀಕ್ಷಿಸಿ: 35 × 61 = 2135, ಅದು 22 × 97 + 1. ಸರಿಯಾಯ್ತು.

ಇಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ ಯೂಕ್ಲಿಡ್‌ನ ವಿಸ್ತೃತ ವಿಧಾನ ಅಂತ ಹೆಸರು. ಭಾರತದಲ್ಲಿ ಇದೇ ಬಗೆಯ ಲೆಕ್ಕಕ್ಕೆ 'ಕುಟ್ಟಕ' ಅಥವಾ 'ಕುಟ್ಟೀಕಾರ' ಅಂತ ಹೆಸರಿತ್ತು. ಆರ್ಯಭಟನಿಂದ ಬಂದದ್ದು. ಕುಟ್ಟಿ ಕುಟ್ಟಿ ಪುಡಿ ಮಾಡುವುದು ಅಂತಲೇ ಅರ್ಥ, ನಮ್ಮ ಮನೆಯ ಕುಟ್ಟಾಣಿಯನ್ನು ನೆನೆದರೆ ಸಾಕು. ದೊಡ್ಡ ಸಂಖ್ಯೆ ಒಂದೊಂದೇ ಏಟಿಗೆ ಚಿಕ್ಕದಾಗುತ್ತಾ ಬರುತ್ತೆ. ಮಹಾವೀರಾಚಾರ್ಯನ ಗ್ರಂಥದಲ್ಲಿ ಇದರ ಒಂದು ಬಗೆಗೆ 'ವಲ್ಲಿಕಾ ಕುಟ್ಟೀಕಾರ' ಎಂಬ ಹೆಸರಿದೆ. ವಲ್ಲಿ ಅಂದರೆ ಬಳ್ಳಿ. ಭಾಗಲಬ್ಧಗಳನ್ನು, ಮೇಲಿನ ಲೆಕ್ಕದಲ್ಲಿ 2, 1, 3, 2, 1, ಒಂದರ ಕೆಳಗೊಂದು ಬರೆದರೆ ಬಳ್ಳಿ ಇಳಿಬಿಟ್ಟ ಹಾಗೆ ಕಾಣುತ್ತೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿನ ದೊರೆಯನ್ನು ಹೊಗಳಿ ಆರಂಭವಾಗುವ ಪುಸ್ತಕದಲ್ಲಿರುವ ಈ ಬಗೆಯ ಲೆಕ್ಕ ಇವತ್ತು ಗೂಢಲಿಪಿಯ ಪಾಠದಲ್ಲಿ ಮೊದಲ ವಾರವೇ ಬರುತ್ತೆ. ಆಸಕ್ತಿ ಇದ್ದವರಿಗೆ: ಗ್ರಂಥದ ಕನ್ನಡ ಅನುವಾದವೂ ಇದೆ, ಪದ್ಮಾವತಮ್ಮ ಅವರದು, 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.

19 ಯಾಕೆ?

2²⁵⁵ರಿಂದ 19 ಯಾಕೆ ಕಳೀಬೇಕು? 1 ಕಳೆದರೆ ಆಗಲ್ವಾ? ಆಗಲ್ಲ. 2²⁵⁵ − 1 ಅವಿಭಾಜ್ಯ ಅಲ್ಲ. 255ನ್ನು 3 ಭಾಗಿಸುತ್ತೆ, ಹಾಗಾಗಿ 2³ − 1, ಅಂದರೆ 7, ಅದನ್ನು ಭಾಗಿಸುತ್ತೆ. 3 ಕಳೆದರೂ ಇಲ್ಲ, 5 ಕಳೆದರೂ ಇಲ್ಲ. ಹೀಗೆ ಕೆಳಗಿಳಿಯುತ್ತಾ ಬಂದರೆ ಮೊದಲು ಸಿಗುವ ಅವಿಭಾಜ್ಯವೇ 2²⁵⁵ − 19.

ಎರಡರ ಘಾತಕ್ಕೆ ಇಷ್ಟು ಹತ್ತಿರ ಇರಬೇಕು ಅನ್ನೋ ಹಟ ಯಾಕೆ? ಉತ್ತರ ಮತ್ತೆ 97ರಲ್ಲಿದೆ. 97 ಅಂದರೆ ನೂರಕ್ಕೆ ಮೂರು ಕಡಿಮೆ. ಹಾಗಾಗಿ 97ರ ಲೋಕದಲ್ಲಿ 100 ಅಂದರೂ 3 ಅಂದರೂ ಒಂದೇ. ಈಗ 58 × 76 ಮಾಡಿ: 4408. ಇದನ್ನು 97ರಿಂದ ಭಾಗಿಸುವ ಕಷ್ಟ ಬೇಡ. 44 ನೂರು ಮತ್ತು 8. ಪ್ರತಿ ನೂರಕ್ಕೂ 3 ಇಟ್ಟರೆ 44 × 3 + 8 = 140. ಮತ್ತೆ ಒಂದು ನೂರು ಮತ್ತು 40: 3 + 40 = 43. ಮುಗೀತು. ಭಾಗಾಕಾರವೇ ಇಲ್ಲ.

ಕಂಪ್ಯೂಟರಿಗೆ ಹತ್ತರ ಘಾತ ಅಲ್ಲ, ಎರಡರ ಘಾತ ಸಲೀಸು. ನಮ್ಮ ಲೋಕದಲ್ಲಿ 2²⁵⁵ ಅಂದರೂ 19 ಅಂದರೂ ಒಂದೇ. 77 ಅಂಕಿಯ ಎರಡು ಸಂಖ್ಯೆ ಗುಣಿಸಿದಾಗ ಬರುವ 150ಕ್ಕೂ ಹೆಚ್ಚು ಅಂಕಿಯ ಗುಣಲಬ್ಧದಲ್ಲಿ ಮೇಲಿನ ಅರ್ಧವನ್ನು ಕತ್ತರಿಸಿ, 19ರಿಂದ ಗುಣಿಸಿ, ಕೆಳಗಿನ ಅರ್ಧಕ್ಕೆ ಕೂಡಿದರೆ ಬಹುಪಾಲು ಕೆಲಸ ಆಯ್ತು. ಒಂದು ಬೀಗ ಹಾಕುವಾಗ ಇಂಥ ಗುಣಾಕಾರ ಸಾವಿರಾರು ಸಲ ನಡೆಯುತ್ತೆ. ಕಮ್ಮಿ ದುಡ್ಡಿನ ಫೋನಿನಲ್ಲೂ ಮೆಸೇಜ್ ತಡವಾಗದೆ ಹೋಗೋದಕ್ಕೆ ಈ ಪುಟ್ಟ 19 ದೊಡ್ಡ ಕಾರಣ.

ಅವಿಭಾಜ್ಯ ಅಂತ ಗೊತ್ತಾಗೋದು ಹೇಗೆ?

ಶಾಲೆಯಲ್ಲಿ ಕಲಿತದ್ದು: 2, 3, 5, 7 ಅಂತ ಒಂದೊಂದರಿಂದ ಭಾಗಿಸಿ ನೋಡು. ಚಿಕ್ಕವನ್ನು ಕೈಯಲ್ಲೇ ಮಾಡಬಹುದು. 7ರ ಲೋಕದಲ್ಲಿ 2³ = 8, ಅಂದರೆ 1. ಆದ್ದರಿಂದ 2²⁵⁵ ಅಂದರೆ 1ರ 85ನೇ ಘಾತ, ಅದೂ 1. 19ರ ಶೇಷ 5. 1 − 5 = −4, ಅಂದರೆ 3. ಸೊನ್ನೆ ಅಲ್ಲ, ಹಾಗಾಗಿ 7 ಭಾಗಿಸಲ್ಲ. 11, 13ಕ್ಕೆ ನೀವೇ ಮಾಡಿ ನೋಡಿ, ಎರಡಕ್ಕೂ ಶೇಷ 2 ಬರಬೇಕು.

ಆದರೆ ಹೀಗೇ ಹೋದರೆ 39 ಅಂಕಿಯ ಸಂಖ್ಯೆಗಳವರೆಗೂ ಭಾಗಿಸಬೇಕು. ಜಗತ್ತಿನ ಎಲ್ಲ ಕಂಪ್ಯೂಟರ್ ಕೂತರೂ ಮುಗಿಯಲ್ಲ.

ಬೇರೆ ದಾರಿ ಫರ್ಮಾ ತೋರಿಸಿದ. ಪ ಎಂಬುದು ಅವಿಭಾಜ್ಯವಾದರೆ, ಅದರಿಂದ ಭಾಗವಾಗದ ಯಾವ ಸಂಖ್ಯೆಯ (ಪ − 1)ನೇ ಘಾತ ತಗೊಂಡರೂ ಶೇಷ 1. ಉದಾಹರಣೆಗೆ 13ರ ಲೋಕದಲ್ಲಿ 2¹² = 4096 = 315 × 13 + 1. ಈ ಪರೀಕ್ಷೆಯಲ್ಲಿ ಫೇಲಾದರೆ ಅವಿಭಾಜ್ಯ ಅಲ್ಲ, ಖಂಡಿತ. ಪಾಸಾದರೆ? ಕಳ್ಳರೂ ಪಾಸಾಗುತ್ತಾರೆ! 341 = 11 × 31, ಆದರೂ 2ನ್ನು ಇಟ್ಟುಕೊಂಡು ಪರೀಕ್ಷಿಸಿದರೆ ಶೇಷ 1 ಕೊಟ್ಟು ಅವಿಭಾಜ್ಯದ ವೇಷ ಹಾಕುತ್ತೆ.

ವೇಷ ಕಳಚಲು ಇನ್ನೊಂದು ಹೆಜ್ಜೆ ಬೇಕು. ಪ − 1ರ ಅವಿಭಾಜ್ಯ ಅಪವರ್ತನಗಳನ್ನು ತಿಳಿದುಕೊಳ್ಳಿ. 13ಕ್ಕೆ ಪ − 1 = 12, ಅಪವರ್ತನಗಳು 2 ಮತ್ತು 3. ಈಗ 12ನ್ನು 2ರಿಂದ ಭಾಗಿಸಿ 6, 3ರಿಂದ ಭಾಗಿಸಿ 4. 13ರ ಲೋಕದಲ್ಲಿ 2⁶ = 64, ಶೇಷ 12. 2⁴ = 16, ಶೇಷ 3. ಎರಡೂ 1 ಅಲ್ಲ, ಆದರೆ 2¹² ಮಾತ್ರ 1. ಅಂದರೆ 2 ಎಂಬ ಸಂಖ್ಯೆ 12 ಹೆಜ್ಜೆ ಪೂರ್ತಿ ಹಾಕಿದ ಮೇಲೆಯೇ ಮನೆಗೆ ಮರಳುತ್ತೆ. ಹಾಗೆ ಪೂರ್ತಿ ಸುತ್ತು ಹಾಕುವ ಒಂದೇ ಒಂದು ಸಂಖ್ಯೆ ಸಿಕ್ಕರೂ ಸಾಕು, 13 ಅವಿಭಾಜ್ಯ ಅಂತ ಸಾಬೀತು. ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ನಮ್ಮ ಸಂಖ್ಯೆಗೆ ಪ − 1 ಅಂದರೆ 2²⁵⁵ − 20. ಅದು ಹೀಗೆ ಬಿಡಿಯುತ್ತೆ: 2 × 2 × 3 × 65147 × ಇನ್ನೊಂದು 71 ಅಂಕಿಯ ಅವಿಭಾಜ್ಯ. ಅಂದರೆ ನಾಲ್ಕೇ ಪರೀಕ್ಷೆ. ಆ 71 ಅಂಕಿಯದು ಅವಿಭಾಜ್ಯ ಅಂತ ಹೇಗೆ ಗೊತ್ತು? ಅದಕ್ಕೂ ಇದೇ ವಿಧಾನ, ಮತ್ತೆ ಅದರಿಂದ 1 ಕಳೆದು. ಹೀಗೆ ಇಳಿಯುತ್ತಾ ಹೋದರೆ ಕೊನೆಗೆ ಕೈಯಲ್ಲಿ ಪರೀಕ್ಷಿಸಬಹುದಾದ ಚಿಕ್ಕ ಸಂಖ್ಯೆಗಳು ಉಳಿಯುತ್ತವೆ. ವಾನ್ ಪ್ರಾಟ್ ಎಂಬವರು 1975ರಲ್ಲಿ ಇದಕ್ಕೆ 'ಪ್ರಮಾಣಪತ್ರ'ದ ರೂಪ ಕೊಟ್ಟರು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಇದ್ದ ಹಾಗೆ ಅವಿಭಾಜ್ಯಕ್ಕೂ ಒಂದು. ವ್ಯತ್ಯಾಸ ಏನಂದರೆ ಇದಕ್ಕೆ ಯಾವ ಕಚೇರಿಯ ಸೀಲೂ ಬೇಡ, ಲೆಕ್ಕ ಬರುವ ಯಾರು ಬೇಕಾದರೂ ಪರಿಶೀಲಿಸಬಹುದು. ಅಪವರ್ತನ ಬಿಡಿಸುವ ಗೋಜೇ ಇಲ್ಲದೆ, ಯಾವ ಸಂಖ್ಯೆಯನ್ನಾದರೂ ಖಚಿತವಾಗಿ ತೀರ್ಮಾನಿಸುವ, ಅಂಕಿ ಬೆಳೆದರೂ ಕೈಮೀರದ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದರು. ಆಗ ಕಯಾಲ್ ಮತ್ತು ಸಕ್ಸೇನಾ ನಮ್ಮ ವಯಸ್ಸಿನ ಆಸುಪಾಸಿನ ವಿದ್ಯಾರ್ಥಿಗಳು!

ಎಂಟರಿಂದ ಭಾಗಿಸಿದರೆ ಉಳಿಯುವ ಐದು

ಈ ಸಂಖ್ಯೆಗೆ ಇನ್ನೊಂದು ಗುಣ ಇದೆ. 8ರಿಂದ ಭಾಗಿಸಿದರೆ ಶೇಷ 5. 2²⁵⁵ನ್ನು 8 ಪೂರ್ತಿ ಭಾಗಿಸುತ್ತೆ, −19ಕ್ಕೆ 24 ಕೂಡಿದರೆ 5, ಅಷ್ಟೇ. ಶೇಷ 5 ಬರುವ ಅವಿಭಾಜ್ಯಗಳ ಲೋಕದಲ್ಲಿ ಎರಡು ವಿಷಯ ನಡೆಯುತ್ತೆ: ಅಲ್ಲಿ 2ಕ್ಕೆ ವರ್ಗಮೂಲ ಇಲ್ಲ, ಆದರೆ −1ಕ್ಕೆ ಇದೆ!

ಅದೇ ಜಾತಿಯ ಚಿಕ್ಕ ಸಂಖ್ಯೆ 29 ತಗೊಳ್ಳಿ. 12 × 12 = 144 = 5 × 29 − 1. ಅಂದರೆ 29ರ ಲೋಕದಲ್ಲಿ 12 ಎಂಬುದು −1ರ ವರ್ಗಮೂಲ. ಪಿಯುಸಿಯಲ್ಲಿ ಕಾಲ್ಪನಿಕ ಸಂಖ್ಯೆ ಅಂತ ಓದಿದ್ದು ಇಲ್ಲಿ ಹನ್ನೆರಡು ಅಂತ ಎದುರಿಗೇ ಕೂತಿದೆ.

ಇದರಿಂದ ಉಪಯೋಗ? ವರ್ಗಮೂಲ ಬೇಗ ಸಿಗುತ್ತೆ. 29ರ ಲೋಕದಲ್ಲಿ 6ರ ವರ್ಗಮೂಲ ಬೇಕು ಅನ್ನಿ. ಸೂತ್ರ: ಅವಿಭಾಜ್ಯಕ್ಕೆ 3 ಕೂಡಿ 8ರಿಂದ ಭಾಗಿಸಿ, ಅಷ್ಟನೇ ಘಾತ ತಗೊಳ್ಳಿ. 32 ಭಾಗಿಸು 8, ಅಂದರೆ 4. 6⁴ = 1296, ಶೇಷ 20. ಪರೀಕ್ಷೆ: 20 × 20 = 400, ಶೇಷ 23, ಅಂದರೆ −6. ಅಯ್ಯೋ, ಚಿಹ್ನೆ ತಪ್ಪಿತು. ಪರವಾಗಿಲ್ಲ, 20ನ್ನು ನಮ್ಮ 12ರಿಂದ ಗುಣಿಸಿ: 240, ಶೇಷ 8. ಈಗ 8 × 8 = 64 = 2 × 29 + 6. ಸಿಕ್ಕಿತು. ವರ್ಗಮೂಲ ಇದ್ದರೆ, ಎರಡೇ ಪ್ರಯತ್ನದಲ್ಲಿ ಒಂದು ಸರಿಯಾಗಲೇಬೇಕು.

ಇದೇ ಅವಿಭಾಜ್ಯದ ಮೇಲೆ ಕಟ್ಟಿದ ಡಿಜಿಟಲ್ ಸಹಿಯನ್ನು ಪರಿಶೀಲಿಸುವಾಗ ಕಂಪ್ಯೂಟರ್ ಇದೇ ಹೆಜ್ಜೆಗಳನ್ನು ಹಾಕುತ್ತೆ. ಡಿಜಿಟಲ್ ಸಹಿ ಅಂದರೆ ನೆನಪಾಯ್ತು, ನಾವಿರುವ ಮಲೇಷ್ಯಾ ಈ ವಿಷಯದಲ್ಲಿ ಜಗತ್ತಿನಲ್ಲೇ ಬೇಗ ಕಾನೂನು ಮಾಡಿದ ದೇಶಗಳಲ್ಲೊಂದು. ಡಿಜಿಟಲ್ ಸಹಿ ಕಾಯ್ದೆ 1997ರದು, ಜಾರಿಗೆ ಬಂದದ್ದು 1998ರ ಅಕ್ಟೋಬರ್ 1ರಂದು. ಒಂದು ಗುಟ್ಟಿನ ಕೀಲಿ, ಒಂದು ಬಹಿರಂಗ ಕೀಲಿ, ಈ ಜೋಡಿಯ ಗಣಿತವನ್ನು ಆ ಕಾನೂನು ಆಗಲೇ ಒಪ್ಪಿಕೊಂಡಿತ್ತು.

ಬೀಗ ಕೆಲಸ ಮಾಡುವ ಬಗೆ

ಈಗ ಅಮ್ಮನ ಬೀಗಕ್ಕೆ ಬರೋಣ. ನಾನು ಇಲ್ಲಿ, ಅಮ್ಮ ತುಮಕೂರಿನಲ್ಲಿ. ನಡುವೆ ಎಷ್ಟೋ ಸರ್ವರ್, ಎಷ್ಟೋ ಕೇಬಲ್. ಎಲ್ಲರೂ ಕೇಳಿಸಿಕೊಳ್ಳುವ ದಾರಿಯಲ್ಲೇ ಮಾತಾಡಿ, ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ ಹುಟ್ಟಿಸಬೇಕು. ಸಾಧ್ಯವಾ? 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಸಾಧ್ಯ ಅಂತ ತೋರಿಸಿದರು.

97ರ ಲೋಕ, ಶುರುವಿನ ಸಂಖ್ಯೆ 5. ಇವೆರಡೂ ಊರಿಗೆಲ್ಲ ಗೊತ್ತು. ನಾನು ಮನಸ್ಸಿನಲ್ಲಿ 6 ಇಟ್ಟುಕೊಳ್ಳುತ್ತೇನೆ. 5⁶ರ ಶೇಷ 8. ಅಮ್ಮನಿಗೆ 8 ಕಳಿಸುತ್ತೇನೆ. ಅಮ್ಮನ ಮನಸ್ಸಿನಲ್ಲಿ 11. 5¹¹ರ ಶೇಷ 71. ಅಮ್ಮ ನನಗೆ 71 ಕಳಿಸುತ್ತಾಳೆ. ಈಗ ನಾನು 71ರ ಆರನೇ ಘಾತ ಮಾಡಿದರೆ ಶೇಷ 70. ಅಮ್ಮ 8ರ ಹನ್ನೊಂದನೇ ಘಾತ ಮಾಡಿದರೆ ಅಲ್ಲೂ 70! ಯಾಕಂದರೆ ಎರಡೂ 5ರ 66ನೇ ಘಾತವೇ. ದಾರಿಯಲ್ಲಿ ಕದ್ದು ಕೇಳಿದವನಿಗೆ ಸಿಕ್ಕಿದ್ದು 8 ಮತ್ತು 71 ಮಾತ್ರ. 70 ಎಂಬ ಸಂಖ್ಯೆ ಆ ದಾರಿಯಲ್ಲಿ ಹೋಗಲೇ ಇಲ್ಲ.

97 ಚಿಕ್ಕದು, ಒಂದೊಂದೇ ಘಾತ ಪ್ರಯತ್ನಿಸಿ ಕಳ್ಳ 6ನ್ನು ಕಂಡುಹಿಡಿಯುತ್ತಾನೆ. 77 ಅಂಕಿ ತಗೊಂಡರೆ? ನಿಜ ಹೇಳಬೇಕು ಅಂದರೆ, ಬರೀ ಘಾತದ ಆಟಕ್ಕೆ 77 ಅಂಕಿಯೂ ಸಾಲದು. 2019ರಲ್ಲಿ 240 ಅಂಕಿಯ ಅವಿಭಾಜ್ಯದ ಮೇಲೂ ಇಂಥ ಆಟ ಒಡೆದು ತೋರಿಸಿದ್ದಾರೆ. ಅದಕ್ಕೇ ಬರ್ನ್‌ಸ್ಟೈನ್ ಈ ಅವಿಭಾಜ್ಯದ ಲೋಕದಲ್ಲಿ ಒಂದು ವಕ್ರರೇಖೆ ಇಟ್ಟರು:

ಯ² = ಕ್ಷ³ + 486662 ಕ್ಷ² + ಕ್ಷ

ಈ ರೇಖೆಯ ಮೇಲಿನ ಎರಡು ಬಿಂದುಗಳನ್ನು 'ಕೂಡಲು' ಒಂದು ನಿಯಮ ಇದೆ. ಆ ನಿಯಮದಲ್ಲಿ ಭಾಗಾಕಾರ ಬರುತ್ತೆ, ಅದಕ್ಕೇ ಮೊದಲಿಗೆ ವಿಲೋಮದ ಕಥೆ ಹೇಳಿದ್ದು. ಕ್ಷ = 9 ಇರುವ ಬಿಂದುವಿನಿಂದ ಹೊರಟು ಗುಟ್ಟಿನ ಸಂಖ್ಯೆಯಷ್ಟು ಸಲ ಕೂಡುತ್ತಾ ಹೋಗಬೇಕು. ಎಲ್ಲಿ ಬಂದು ನಿಂತೆ ಅಂತ ಊರಿಗೆಲ್ಲ ಹೇಳಬಹುದು. ಎಷ್ಟು ಹೆಜ್ಜೆ ಹಾಕಿದೆ ಅಂತ ಯಾರಿಗೂ ತಿಳಿಯಲ್ಲ. ಈವರೆಗೆ ಗೊತ್ತಿರುವ ಒಳ್ಳೆಯ ವಿಧಾನದಲ್ಲಿ ಹುಡುಕಿದರೂ ಸುಮಾರು 2¹²⁶ ಹೆಜ್ಜೆ ಬೇಕು. ನೂರು ಕೋಟಿ ಯಂತ್ರ, ಒಂದೊಂದೂ ಸೆಕೆಂಡಿಗೆ ನೂರು ಕೋಟಿ ಹೆಜ್ಜೆ ಹಾಕಿದರೂ ಎರಡು ಲಕ್ಷ ಕೋಟಿ ವರ್ಷಕ್ಕೂ ಹೆಚ್ಚು. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ.

ಹಾಗಂತ ಇದು ಶಾಶ್ವತವೂ ಅಲ್ಲ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಈ ಬೀಗ ಒಡೆಯುತ್ತೆ ಅಂತ 1994ರಲ್ಲೇ ಪೀಟರ್ ಶೋರ್ ಅವರ ವಿಧಾನದಿಂದ ಗೊತ್ತಾಗಿದೆ. ಅದಕ್ಕಾಗಿ 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಹೊಸ ಬೀಗವೊಂದರ ಮಾನಕ ಪ್ರಕಟಿಸಿತು. ಅದರೊಳಗೂ ಒಂದು ಅವಿಭಾಜ್ಯ ಇದೆ: 3329. ಬರೀ ನಾಲ್ಕು ಅಂಕಿ! 13 × 256 + 1. ದೊಡ್ಡದಿದ್ದ ಮಾತ್ರಕ್ಕೆ ಬಲ ಬರಲ್ಲ, ಎಂಥ ಗುಣ ಇದೆ, ಅದರ ಮೇಲೆ ಏನು ಕಟ್ಟಿದ್ದಾರೆ ಅನ್ನೋದು ಮುಖ್ಯ.

ಬೀಗಕ್ಕೆ ಗೊತ್ತಿಲ್ಲದ್ದು

ಈಗ ಅಮ್ಮನ ಪ್ರಶ್ನೆ. ಇಷ್ಟು ಗಟ್ಟಿ ಬೀಗ ಇದ್ದೂ ಕಳ್ಳ ಹೇಗೆ ಬಂದ?

ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. ಈ ಸಲ ನಡುವೆ ಒಬ್ಬ ನಿಂತಿದ್ದಾನೆ, ಅವನ ಮನಸ್ಸಿನಲ್ಲಿ 4. 5⁴ರ ಶೇಷ 43. ನಾನು ಕಳಿಸಿದ 8ನ್ನು ಅವನು ತಡೆದು, ಅಮ್ಮನಿಗೆ 43 ಕೊಡುತ್ತಾನೆ. ಅಮ್ಮನ 71ನ್ನು ತಡೆದು ನನಗೂ 43 ಕೊಡುತ್ತಾನೆ. ನನ್ನ ಜೊತೆ ಅವನ ಗುಟ್ಟಿನ ಸಂಖ್ಯೆ 22 ಆಗುತ್ತೆ. ಅಮ್ಮನ ಜೊತೆ 9. ನಮ್ಮಿಬ್ಬರಿಗೂ ಬೀಗ ಬಿದ್ದಿದೆ ಅಂತಲೇ ಕಾಣುತ್ತೆ. ಬೀಗ ಬಿದ್ದಿದೆ ಕೂಡ. ಆದರೆ ಬಿದ್ದಿರೋದು ನನ್ನ ಮತ್ತು ಅವನ ನಡುವೆ, ಅವನ ಮತ್ತು ಅಮ್ಮನ ನಡುವೆ. ಇಲ್ಲಿ ಯಾವ ಲೆಕ್ಕವೂ ತಪ್ಪಿಲ್ಲ. ಅವಿಭಾಜ್ಯ ತನ್ನ ಕೆಲಸ ನೂರಕ್ಕೆ ನೂರು ಮಾಡಿದೆ.

ನಮ್ಮ ಮನೆಗೆ ಬಂದ ಕಳ್ಳ ಇಷ್ಟೂ ಕಷ್ಟಪಡಲಿಲ್ಲ. ನನ್ನ ಫೋಟೋ ಹಾಕಿಕೊಂಡು ನೇರವಾಗಿ ಅಮ್ಮನ ಜೊತೆಗೇ ಮಾತು ಶುರುಮಾಡಿದ. ಅಮ್ಮನಿಗೂ ಅವನಿಗೂ ನಡುವೆ 77 ಅಂಕಿಯ ಗಟ್ಟಿ ಬೀಗ ಇತ್ತು. ಅವರ ಮಾತು ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ, ನನಗೂ ಕೂಡ.

ಅಮ್ಮನಿಗೆ ಹೀಗೆ ಹೇಳಿದೆ: "ಬೀಗ ದಾರಿಗಮ್ಮ. ಬಾಗಿಲ ಆಚೆ ಯಾರು ನಿಂತಿದ್ದಾರೆ ಅಂತ ಅದಕ್ಕೆ ಗೊತ್ತಾಗಲ್ಲ. ಅದನ್ನ ನಾವೇ ನೋಡ್ಬೇಕು."

ನೋಡೋದಕ್ಕೂ ಗಣಿತ ಸ್ವಲ್ಪ ಸಹಾಯ ಮಾಡುತ್ತೆ. ವಾಟ್ಸಾಪ್‌ನಲ್ಲಿ ಒಬ್ಬರ ಹೆಸರು ಒತ್ತಿ, ಎನ್‌ಕ್ರಿಪ್ಶನ್ ಎಂಬಲ್ಲಿಗೆ ಹೋದರೆ 60 ಅಂಕಿಗಳು ಕಾಣುತ್ತವೆ, ಐದೈದರ 12 ಗುಂಪು. ಇಬ್ಬರ ಬಹಿರಂಗ ಕೀಲಿಗಳಿಂದ ಹುಟ್ಟಿದ ಸಂಖ್ಯೆ ಅದು. ಇಬ್ಬರ ಫೋನಿನಲ್ಲೂ ಅದೇ ಇದ್ದರೆ ನಡುವೆ ಯಾರೂ ಇಲ್ಲ. ನಡುವೆ ಒಬ್ಬ ನಿಂತಿದ್ದರೆ ಎರಡು ಕಡೆ ಬೇರೆ ಬೇರೆ ಬರುತ್ತೆ. ಆದರೆ ಹೋಲಿಸಬೇಕಾದವರು ನಾವೇ, ಅದೂ ಎದುರಾಬದುರು ಅಥವಾ ದನಿ ಗುರುತಿರುವ ಬೇರೆ ದಾರಿಯಲ್ಲಿ.

ಆ ಭಾನುವಾರ ಅಮ್ಮನಿಗೆ ಮಾಮೂಲಿ ಫೋನ್ ಮಾಡಿ, ಆ ಅರವತ್ತೂ ಅಂಕಿ ಓದಿಸಿದೆ. ಕನ್ನಡಕ ಹುಡುಕಲು ಐದು ನಿಮಿಷ, ಓದಲು ಹತ್ತು ನಿಮಿಷ. ಏಳನೇ ಗುಂಪಿನಲ್ಲಿ ಒಂದು ಅಂಕಿ ಬಿಟ್ಟು ಓದಿ, ನಾನು ತಪ್ಪು ಅಂದಾಗ "ಇರೋ, ಗದರಿಸಬೇಡ" ಅಂತ ಮತ್ತೆ ಮೊದಲಿಂದ ಶುರುಮಾಡಿದಳು. ಕೊನೆಗೆ ಎಲ್ಲವೂ ಸರಿಹೋಯಿತು. ಈಗ ಮನೆಯಲ್ಲಿ ಒಂದು ನಿಯಮ ಇದೆ: ಹೊಸ ನಂಬರಿನಿಂದ ಯಾರೇ ದುಡ್ಡು ಕೇಳಿದರೂ, ಹಳೇ ನಂಬರಿಗೆ ಫೋನ್ ಮಾಡಿ ದನಿ ಕೇಳದೆ ಒಂದು ರೂಪಾಯಿಯೂ ಕಳಿಸಬಾರದು. "ಸೆಕ್ಯುರಿಟಿ ಕೋಡ್ ಬದಲಾಗಿದೆ" ಎಂಬ ಸಾಲು ಕಂಡರೂ ಅದೇ. ಫೋನ್ ಬದಲಿಸಿದರೂ ಆ ಸಾಲು ಬರುತ್ತೆ, ಗಾಬರಿ ಬೇಡ, ಆದರೆ ಒಂದು ಮಾತು ಕೇಳಿ.

ಗೆಳೆಯರೇ, ಇದನ್ನು ಓದಿದ ಮೇಲೆ ನಿಮ್ಮ ಮನೆಗೂ ಒಂದು ಫೋನ್ ಮಾಡಿ. ದುಡ್ಡು ಹೋಗಿಬಿಟ್ಟರೆ ಮಲೇಷ್ಯಾದಲ್ಲಿ 997, ಭಾರತದಲ್ಲಿ 1930, ಈ ಎರಡು ನಂಬರು ತಡಮಾಡದೆ ಒತ್ತಬೇಕಾದವು. ಇವೆರಡರಲ್ಲಿ 997 ಅವಿಭಾಜ್ಯ, 1930 ಅಲ್ಲ. ಅಮ್ಮನಿಗೆ ಇದನ್ನು ಹೇಳಿದಾಗ "ಅದು ಬೇರೆ ನೋಡಿದ್ಯಾ?" ಅಂತ ನಕ್ಕಳು. ಎರಡನ್ನೂ ಕ್ಯಾಲೆಂಡರ್ ಮೇಲೆ ಬರೆದುಕೊಂಡಿದ್ದಾಳೆ.